ಪಕ್ಕದ ಸೀಟಿನಿಂದ

ಅಪ್ಪನಿಗೆ,

ಕಾರ್ ರ್ಯಾಲಿಯ ಪಟ್ಟಿಯಿಂದ ನಿಮ್ಮ ಹೆಸರು ತೆಗೆಸಿದ್ದು ಕ್ಲಬ್ಬಿನ ಕಾರ್ಯದರ್ಶಿ, ನಮ್ಮ ಗಡಿಯಾರ ಮಾಮ ಅಲ್ಲ, ನಾನು. ನನ್ನ ಹೆಸರು ಹೇಳದೆ ಅವರು ನಿಮ್ಮ ಬೈಗುಳ ಕೇಳಿಸಿಕೊಂಡರು. ದಯವಿಟ್ಟು ಅವರ ಜೊತೆ ಮಾತು ಬಿಡಬೇಡಿ.

“ಜೋರಾಗಿ ಓಡಿಸೋದಲ್ಲ ಮಗಳೇ, ಹೇಳಿದ ಹೊತ್ತಿಗೆ ಸರಿಯಾಗಿ ತಲುಪೋದೇ ರ್ಯಾಲಿ” ಎನ್ನುತ್ತಾ ನೀವೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ದಾರಿ ಹೇಳಲು ಕಲಿಸಿದಿರಿ. ಈಚೆಗೆ ನಾನು ತಿರುವುಗಳ ಜೊತೆಗೆ ಎದುರಿನ ಲಾರಿ, ರಸ್ತೆಯ ಗುಂಡಿಗಳನ್ನೂ ಹೇಳತೊಡಗಿದ್ದೆ. ನಿಮಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲವೆಂದು ಗೊತ್ತಿದ್ದೂ ಸುಮ್ಮನಿದ್ದೆ. ಗೆಲ್ಲುತ್ತಿದ್ದೆವಲ್ಲ.

ಕಳೆದ ರ್ಯಾಲಿಯಲ್ಲಿ, ಸೇತುವೆಯ ಬಳಿ, ಸೈಕಲ್ಲಿನ ಹೆಂಗಸು ನಿಮಗೆ ಕಾಣಲೇ ಇಲ್ಲ. ನಾನು ಕೂಗಿಕೊಂಡು ಸ್ಟಿಯರಿಂಗ್ ಎಳೆದೆ. ಆಕೆ ಚರಂಡಿಗೆ ಬಿದ್ದು ಕೈ ಮುರಿದುಕೊಂಡರು. “ನೋಡ್ಕೊಂಡು ಬರಬಾರದೇನಮ್ಮಾ?” ಎಂದು ನೀವು ಗದರಿದಿರಿ. ನಾನೂ ದನಿಗೂಡಿಸಿದೆ. ಆ ನೋವಿನಲ್ಲೂ ಆಕೆ ನಮ್ಮಿಬ್ಬರ ಕ್ಷಮೆ ಕೇಳಿದರು. ಅದು ನನ್ನನ್ನು ಬಿಡುತ್ತಿಲ್ಲ ಅಪ್ಪ.

ಮೊನ್ನೆ ಅವರ ಮನೆಗೆ ಹೋಗಿ ನಿಜ ಹೇಳಿದೆ. ಅವರು ಬೈಯಲಿಲ್ಲ. “ನಿಮ್ಮಪ್ಪ ಈಗಲೂ ಓಡಿಸ್ತಾರಾ?” ಎಂದಷ್ಟೇ ಕೇಳಿದರು. ಅಲ್ಲಿಂದ ನೇರವಾಗಿ ಕ್ಲಬ್ಬಿಗೆ ಹೋದೆ.

ಗುರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ. ಆಮೇಲೆ ಆಕೆಯ ಮನೆಗೆ. ಕಾರಿನ ಕೀಲಿ ಹುಡುಕಬೇಡಿ, ನನ್ನ ಬಳಿ ಇದೆ. ನಾನೇ ಓಡಿಸುತ್ತೇನೆ. ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ನೀವು ಇಲ್ಲದ ಬ್ರೇಕ್ ತುಳಿಯುತ್ತಲೇ ಇರುತ್ತೀರಿ ಎಂದು ಗೊತ್ತು. ತುಳಿಯಿರಿ, ನಾನು ಏನೂ ಅನ್ನುವುದಿಲ್ಲ.

ನಿಮ್ಮ ಮಗಳು