ಮೈಸೂರಲ್ಲಿ ಯಾರೂ ಕುಲ ಕೇಳಲ್ಲ ಅಂದಿದ್ದಿರಿ

ಭಾವನವರಿಗೆ,

ಸಿದ್ದಯ್ಯನ ನಮಸ್ಕಾರ. ಇದೊಂದು ಬಿಟ್ಟರೆ ಈ ಕಾಗದದಲ್ಲಿ ಒಳ್ಳೆಯ ಮಾತು ಹೆಚ್ಚಿಲ್ಲ. ನನ್ನನ್ನು ಕಟ್ಟೆಮಳಲವಾಡಿಯ ಶಾಲೆಗೆ ಸೇರಿಸಲು ಮೇಷ್ಟರ ಮುಂದೆ ಮೂರು ದಿನ ಕೈಕಟ್ಟಿ ನಿಂತವರು ನೀವು. ಅಲ್ಲಿ ಕಲಿತ ಅಕ್ಷರದಲ್ಲೇ ನಿಮ್ಮನ್ನು ಬೈಯಲು ಕೂತಿದ್ದೇನೆ. ನೀವು ಇದ್ದಾಗಲೇ ಬೈಯಬೇಕಿತ್ತು. ನೀವು ಅದಕ್ಕೂ ಪುರಸೊತ್ತು ಕೊಡಲಿಲ್ಲ.

ಕಾಕನಕೋಟೆಯ ಮರದ ದಿಮ್ಮಿಗಳನ್ನು ಗಾಡಿಯಲ್ಲಿ ಮೈಸೂರಿಗೆ ಇಳಿಸಿ ಬಂದ ಸಂಜೆಗಳಲ್ಲಿ ನಮ್ಮ ಕೇರಿಯ ಜನರೆಲ್ಲ ನಿಮ್ಮ ಸುತ್ತ ಕೂರುತ್ತಿದ್ದರು. ‘ಅಲ್ಲಿ ಯಾರೂ ಕುಲ ಕೇಳಾಕಿಲ್ಲ ಕಣ್ರಲಾ. ಕಾಸು ಮಡುಗುದ್ರೆ ಎಲ್ಲಾರ್ಗೂ ಒಂದೇ ಎಲೆ. ಒಟ್ಟೆ ತುಂಬ ಅನ್ನ, ಎರಡು ಪಲ್ಯ, ಮಜ್ಜಿಗೆ. ಉಂಡು ಕೈ ತೊಳ್ಕಂಡ್ರೆ ಆಮೇಲೆ ಟಾಕಿ!’ ಅನ್ನುತ್ತಿದ್ದಿರಿ. ಊರ ಬಾವಿಯ ಹತ್ತಿರ ಸುಳಿಯಲಾಗದ ನಮ್ಮ ಅಕ್ಕ, ನಿಮ್ಮ ಹೆಂಡತಿ, ಅದನ್ನು ಬಾಯಿಬಿಟ್ಟುಕೊಂಡು ಕೇಳುತ್ತಿದ್ದಳು. ಎಷ್ಟು ವರ್ಷ ಕೇಳಿದಳು, ಭಾವ?

ಕೊನೆಗೆ ಒಂದು ದಸರೆಗೆ ನಮ್ಮಿಬ್ಬರನ್ನೂ ಗಾಡಿ ಹತ್ತಿಸಿಕೊಂಡು ಹೋದಿರಿ. ಹೋಟೆಲಿನ ಬಾಗಿಲಲ್ಲಿ ಕೂತಿದ್ದವನು ‘ಯಾವೂರು? ಯಾವ ಜನ?’ ಎಂದ. ನಾನು ಬಾಯಿ ತೆರೆಯುವ ಮೊದಲೇ ನೀವು ಪಕ್ಕದ ಓಣಿಗೆ ತಿರುಗಿಬಿಟ್ಟಿರಿ. ನಿಮ್ಮ ಕಾಲಿಗೆ ದಾರಿ ಗೊತ್ತಿತ್ತು. ಹಿತ್ತಲಲ್ಲಿ, ಎಂಜಲೆಲೆ ಎಸೆಯುವ ಗುಂಡಿಯ ಮಗ್ಗುಲಲ್ಲಿ ಕೂತಿರಿ. ಬಡಿಸುವವನು ಮೇಲಿನಿಂದ ಅನ್ನ ಎಸೆಯುತ್ತಾ, ‘ಏನೋ, ಈ ಸಲ ಸಂಸಾರ ಸಮೇತ ಬಂದುಬಿಟ್ಯಲ್ಲ’ ಎಂದು ನಕ್ಕ. ನೀವೂ ನಕ್ಕಿರಿ. ಅವನನ್ನು ನಾನು ಎಂದಾದರೂ ಮರೆಯಬಹುದು. ನಿಮ್ಮ ಆ ನಗುವನ್ನು...

ಅಕ್ಕ ಎಲೆಯನ್ನು ಮುಟ್ಟಲಿಲ್ಲ. ‘ಇದೇನಾ ನೀ ಏಳ್ತಿದ್ದ ಓಟ್ಲು?’ ಎಂದಳು. ನೀವು ತಲೆ ಎತ್ತದೆ, ‘ಉಣ್ಣೇ, ಜನ ನೋಡ್ತಾರೆ’ ಅಂದಿರಿ. ಯಾವ ಜನ? ನಮ್ಮ ಕಡೆ ನೋಡುತ್ತಿದ್ದದ್ದು ಒಂದು ಬಡಕಲು ಹಸು.

ಟಾಕೀಸಿನ ಬಾಗಿಲಲ್ಲಿ ಅಕ್ಕ, ‘ಇಲ್ಲೂ ಇತ್ಲಲ್ಲಿ ನಿಂತೇ ನೋಡ್ಬೇಕಾ?’ ಎಂದು ಕೇಳಿದಳು. ಬೇಕಾಗಲಿಲ್ಲ. ನೆಲದ ಟಿಕೆಟ್ಟಿನವರೆಲ್ಲ ಒಂದೇ ಮಣ್ಣಿನ ಮೇಲೆ, ಮೈಗೆ ಮೈ ತಾಗಿಸಿಕೊಂಡು ಕೂತಿದ್ದರು. ನೀವು ಹೇಳಿದ್ದರಲ್ಲಿ ಅಷ್ಟು ಮಾತ್ರ ನಿಜ. ಆದರೆ ಹಸಿದ ಹೊಟ್ಟೆಯಲ್ಲಿ ಅಕ್ಕನಿಗೆ ಪರದೆಯೇ ಕಾಣಲಿಲ್ಲ. ಮುಖ ಮಂಡಿಯೊಳಗೆ ಹುದುಗಿಸಿಕೊಂಡು ಅತ್ತಳು. ಸುತ್ತಲಿನವರು ಕಥೆಗೆ ಅಳುತ್ತಿದ್ದಾಳೆ ಅಂದುಕೊಂಡರು.

ವಾಪಸು ಬರುವಾಗ ಹುಣಸೂರು ದಾಟಿದ ಮೇಲೆ ನೀವೇ ಅಂದಿರಿ, ‘ಎಲ್ಲಾದ್ರೂ ಒಂದ್ ಕಡೆ ನಮಗೂ ಜಾಗ ಐತೆ ಅಂತ ನಂಬ್ಕಂಡಿರ್ಲಿ ಅಂತ ಅಂಗಂದೆ ಕಣ್ಲಾ ಸಿದ್ದ.’ ಯಾರು ಕೇಳಿದ್ದರು ನಿಮ್ಮ ಆ ಕರುಣೆಯನ್ನು? ಗುಂಡಿಯ ಪಕ್ಕ ಉಂಡು ಬಂದು, ನಮಗೆ ಅರಮನೆಯ ಊಟ ಬಡಿಸಿದಿರಲ್ಲ! ಆ ಅವಮಾನ ಒಬ್ಬರೇ ನುಂಗುವಂಥದ್ದಾಗಿತ್ತೇ? ಹೇಳಿದ್ದರೆ ಮೂವರೂ ಸೇರಿ ಸಿಟ್ಟಾಗುತ್ತಿದ್ದೆವು. ಇದನ್ನೆಲ್ಲ ನಿಮ್ಮ ಮುಖಕ್ಕೇ ಹೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕಾಡಿನ ಜ್ವರ ಹತ್ತಿಸಿಕೊಂಡು ಬಂದಿರಿ. ಐದನೇ ದಿನಕ್ಕೆ ಮುಗಿದೇ ಹೋಯಿತು.

ನಿಮಗೆ ಗೊತ್ತಿಲ್ಲದ್ದು ಒಂದಿದೆ. ಈ ದಸರೆಗೆ ಅಕ್ಕ ಮೈಸೂರಿನಲ್ಲಿ ಊಟದ ಅಂಗಡಿ ಹಾಕಿದ್ದಾಳೆ. ನಮ್ಮ ಕಡೆಯ ಗಾಡಿಗಳು ಬಿಡುವ ಬಯಲಿನಲ್ಲಿ, ನಾಲ್ಕು ಗಳ ನೆಟ್ಟು, ತೆಂಗಿನ ಗರಿ ಹೊದಿಸಿ. ರಾಗಿಮುದ್ದೆ, ಹುರುಳಿ ಸಾರು. ಒಳಗೆ, ಹೊರಗೆ ಅಂತ ಇಲ್ಲ. ಇರುವುದು ಒಂದೇ ಸಾಲು. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯಿಂದ ಹಬ್ಬ ನೋಡಲು ಬರುವ ಬಡವರಿಗೆ ಅಷ್ಟು ಅಗ್ಗದ ಊಟ ಪೇಟೆಯಲ್ಲಿ ಬೇರೆಲ್ಲೂ ಸಿಗದು. ಉಂಡವರಿಗೆ ಟಾಕೀಸಿನ ದಾರಿ ತೋರಿಸಿ, ‘ನೆಲದ ಟಿಕೀಟೇ ತಕಳ್ರಪ್ಪಾ, ಚೆಂದಾಗಿ ಕಾಣ್ತದೆ’ ಎನ್ನುತ್ತಾಳೆ.

ಅವಳು ನಿಮ್ಮ ಹಾಗೆ ಅಲ್ಲ. ಬಂದವರಿಗೆಲ್ಲ ಮೊದಲೇ ನಮ್ಮ ಕುಲ ಹೇಳುತ್ತಾಳೆ. ನಾನು ಬೇಡವೆಂದರೂ ಕೇಳುವುದಿಲ್ಲ. ಅರ್ಧ ಜನ ಎದ್ದು ಹೋಗುತ್ತಾರೆ. ಒಬ್ಬ ಉಗಿದೇ ಹೋದ. ಮೊನ್ನೆ ಭೇರ್ಯದ ಗೌಡರೊಬ್ಬರು, ನರೆತ ಮೀಸೆಯವರು, ಜನದ ಗದ್ದಲದಲ್ಲಿ ಅವಳ ಮಾತು ಕಿವಿಗೆ ಬೀಳದೆ ಕೂತು ಉಣ್ಣತೊಡಗಿದರು. ಅರ್ಧ ಮುದ್ದೆ ಮುಗಿದಿತ್ತು. ಅಕ್ಕ ಎದುರಿಗೆ ಹೋಗಿ ನಿಂತಳು.

‘ಗೌಡ್ರೇ, ನಿಮಗೆ ಕೇಳಿಸ್ನಿಲ್ಲ ಅನ್ಸುತ್ತೆ. ನಾವು ಕೇರಿಯೋರು. ಏಳಾದಾದ್ರೆ ಏಳಿ.’

ಗೌಡರ ಕೈ ನಿಂತಿತು. ಸಾಲಿನಲ್ಲಿ ಕೂತಿದ್ದವರೆಲ್ಲ ಅವರನ್ನೇ ನೋಡಿದರು. ನಾನು ಸೌದೆಯೊಂದನ್ನು ಕೈಗೆತ್ತಿಕೊಂಡಿದ್ದೆ, ಯಾಕೆಂದು ಈಗಲೂ ತಿಳಿಯದು.

‘ಸಾರು ಸಪ್ಪೆ ಆಗೈತೆ ಕಣವ್ವ,’ ಅಂದರು ಗೌಡರು. ‘ಒಸಿ ಉಪ್ಪು ಆಕು.’

ನಿಮ್ಮ ಮೇಲೆ ಇನ್ನೂ ಸಿಟ್ಟಿರುವ ನಿಮ್ಮ ಭಾವಮೈದ,
ಸಿದ್ದಯ್ಯ