ಟೊರೊಂಟೊಗೆ ಹೊರಟ ಮೂರೆಲೆ

ಬ್ಯಾಲಿಕಾರ, ಮೇಯೊ
ಮಾರ್ಚ್ ೮

ಮುದ್ದಿನ ತಮ್ಮ ಜಾರ್ಲತ್‌ಗೆ,

ಮೊಲ ಕಡಿಯದ, ಮಳೆಗೆ ಕೊಳೆಯದ, ಮೂರು ಎಲೆಯೂ ಸಮನಾಗಿರುವ ಒಂದು ಶ್ಯಾಮ್‌ರಾಕ್ ಕಡ್ಡಿ ನಿನ್ನೆ ಮಧ್ಯಾಹ್ನ ಎರಡೂಕಾಲು ಗಂಟೆಗೆ ನಮ್ಮ ಹೊಲದ ಕಲ್ಲುಗೋಡೆಯ ಬುಡದಲ್ಲಿ ಪತ್ತೆಯಾಗಿದೆ ಎಂದು ಸಮಸ್ತ ಲೋಕಕ್ಕೆ ಈ ಮೂಲಕ ತಿಳಿಸಲಾಗಿದೆ. ಅದಿರಲಿ, ನಿನ್ನ ಆರೋಗ್ಯ ಹೇಗಿದೆ? ಗಾರೆ ಕೆಲಸದ ಬೆನ್ನುನೋವು ಇಳಿಯಿತೇ? ಇಲ್ಲಿ ಅಮ್ಮನ ಮೊಣಕಾಲೊಂದು ಬಿಟ್ಟರೆ ಎಲ್ಲ ಕ್ಷೇಮ.

ಮೂವತ್ತೊಂದು ವರ್ಷ ಮಂಡಿಯೂರಿ ನಿನಗಾಗಿ ಸಂತ ಪ್ಯಾಟ್ರಿಕನ ಹಬ್ಬದ ಎಲೆ ಹುಡುಕಿದ ಕಾಲು ಈ ಸಲ ಮುಷ್ಕರ ಹೂಡಿತು. ಹಾಗಾಗಿ ಮಂಡಿಯೂರುವ ಭಾಗ್ಯ ನನ್ನ ಪಾಲಿಗೆ ಬಂತು. ಅಮ್ಮ ಗೇಟಿಗೆ ಒರಗಿ ನಿಂತು ಕೋಲು ತೋರಿಸಿದ್ದೇ ತೋರಿಸಿದ್ದು. "ಅದಲ್ವೇ ಅಟ್ರಾಕ್ಟಾ, ಅದು ದನ ಮೇಯೋ ಸೊಪ್ಪು. ಅದನ್ನ ಕಳಿಸಿದ್ರೆ ಟೊರೊಂಟೊದಲ್ಲಿ ನಮ್ಮ ಮಾನ ಉಳಿಯುತ್ತಾ?" ಕೊನೆಗೆ ಸಿಕ್ಕಿದ್ದನ್ನು ಒದ್ದೆ ಹತ್ತಿಯಲ್ಲಿ ಸುತ್ತಿ, ಮಗುವಿಗೆ ಸ್ನಾನ ಮಾಡಿಸಿದವಳಂತೆ ನೋಡುತ್ತ ಕೂತಳು. ನನಗೊಂದು ಬೇಡವೇ ಎಂದೆ. "ನಿಂಗ್ಯಾಕೆ? ಊರಲ್ಲೇ ಇದ್ದೀಯಲ್ಲ. ಅಂಗಡೀಲಿ ಪೊಟ್ಟಣ ಸಿಗುತ್ತೆ, ತಗೋ."

ಸಂತ ಪ್ಯಾಟ್ರಿಕನೂ ನಿನ್ನ ಜಾತಿಯವನೇ, ತಮ್ಮಾ. ಹದಿನಾರರಲ್ಲಿ ಅವನನ್ನು ಕಡಲಾಚೆಯಿಂದ ಹಿಡಿದುತಂದು ಕುರಿ ಕಾಯಲು ಹಚ್ಚಿದರು. ಆರು ವರ್ಷ ಕಾದು ಓಡಿಹೋದ. ಓಡಿಹೋದವನು ತಿರುಗಿ ಬಂದು, ಮೂರೆಲೆ ಒಂದೇ ತೊಟ್ಟು ಎಂದು ತೋರಿಸಿ ತಂದೆ, ಮಗ, ಪವಿತ್ರಾತ್ಮರನ್ನು ವಿವರಿಸಿದನಂತೆ. ಅದಕ್ಕೇ ದೇಶಕ್ಕೆಲ್ಲ ರಜೆ, ಟ್ರ್ಯಾಕ್ಟರುಗಳ ಮೆರವಣಿಗೆ, ಉಪವಾಸ ಕಾಲದಲ್ಲೂ ಒಂದು ದಿನ ಮಿಠಾಯಿಗೆ ಮಾಫಿ. ಸರಿ. ಆದರೆ ಅವನು ಓಡಿಹೋದ ಬೆಳಿಗ್ಗೆ ಆ ಕುರಿಗಳನ್ನು ಮೇಯಲು ಬಿಟ್ಟವರು ಯಾರು? ಆ ಪುಣ್ಯಾತ್ಮಳ ಹೆಸರಲ್ಲಿ ಅರ್ಧ ದಿನದ ರಜೆಯೂ ಇಲ್ಲ. ಹೆಂಗಸೇ ಇರಬೇಕು, ನನಗೆ ಅನುಮಾನವಿಲ್ಲ.

ನನಗೇನೂ ಹೊಟ್ಟೆಕಿಚ್ಚಿಲ್ಲ. ನಿನ್ನ ಮನೆಯವರಿಗೆಲ್ಲ ಅಮ್ಮನ ಆಶೀರ್ವಾದ, ನನ್ನದೂ ಇದೆ, ಸ್ವಲ್ಪ ಕೆಳಗೆ.

ನಿನ್ನ ಅಕ್ಕ,
ಅಟ್ರಾಕ್ಟಾ

ಅವಸರದಲ್ಲಿ: ಅಮ್ಮ ಚಹಾಕ್ಕೆ ನೀರಿಡಲು ಹೋಗಿದ್ದಾಳೆ. ಲಕೋಟೆಯಲ್ಲಿರುವುದು ದನದ ಸೊಪ್ಪು. ಅಸಲಿ ಕಡ್ಡಿ ನನ್ನ ಕೋಣೆಯ ಕಿಟಕಿಯಲ್ಲಿ, ಮೊಟ್ಟೆಯ ಬಟ್ಟಲಿನ ನೀರಿನಲ್ಲಿದೆ. ಹದಿನೇಳರ ಹಬ್ಬಕ್ಕೆ ಅದನ್ನು ಕೋಟಿಗೆ ಚುಚ್ಚಿಕೊಂಡು ಚರ್ಚಿನಲ್ಲಿ ಅಮ್ಮನ ಪಕ್ಕದಲ್ಲೇ ಕೂರುತ್ತೇನೆ. ಕೇಳಿದರೆ ಅಂಗಡಿಯದು ಅನ್ನುತ್ತೇನೆ. ಅವತ್ತು ಫೋನು ಮಾಡಿದಾಗ, ದಯವಿಟ್ಟು, "ಹಸಿರಾಗೇ ಬಂತಮ್ಮ" ಅಂದುಬಿಡು.