ಹುಮನಾಬಾದಿನಾಗ ಬಿಟ್ಟು ಬಂದ ರಿಸೀವರ್

ಬಸವಕಲ್ಯಾಣ
೧೪ ಅಕ್ಟೋಬರ್ ೨೦೦೧

ಪೂನಂನ ಪಪ್ಪಾ ಅವರಿಗಿ ಶರಣು,

ಹ್ಯಾಂಗಿದ್ದೀರಿ? ಬರೇ ಕೇಳಬೇಕಂತ ಕೇಳಾಕತ್ತಿಲ್ಲ, ಈ ಸಲ ಖರೇ ಉತ್ತರ ಬೇಕು. ಇಲ್ಲಿ ಅತ್ತಿಯವರು ಆರಾಮ ಇದ್ದಾರ, ಪೂನಂನ ನೆಗಡಿ ಕಡಿಮಿ ಆಗ್ಯದ. ಪುಣೆಯಿಂದ ನಿಮ್ಮ ಫೋನ್ ಬರದೆ ಮೂರು ರವಿವಾರ ಆಯ್ತು. ಬಾಜೂಕಿನ ಶಕುಂತಲಾಬಾಯಿ ಮನಿಯಾಗ ಫೋನಿನ ಮುಂದ ಕುಂತು ಕುಂತು ಎದ್ದು ಬಂದೇನಿ. ಬಂದದ್ದು ಪುಣೆ ಬಸ್ಸಿನ ಡ್ರೈವರ್ ಮಹೆಬೂಬನ ಕೈಲಿ ನೀವು ಮಾತಾಡಿ ತುಂಬಿದ ಒಂದು ಕ್ಯಾಸೆಟ್. "ನಾ ಆರಾಮ ಇದ್ದೇನಿ, ಕಾರ್ಖಾನ್ಯಾಗ ಕೆಲಸ ಭಾಳ. ದೀಪಾವಳಿಗಿ ಹೋಂ ಥಿಯೇಟರ್ ತರೂನು, ಹುಮನಾಬಾದಿಗಿ ಹೋಗಿ ರಿಸೀವರ್ ಆರಿಸ್ರಿ" ಅಂತ. ಅತ್ತಿಯವರಿಗಿ ಓದಾಕ ಬರೂದಿಲ್ಲಲ್ಲ, ದಿನಾ ಪೂಜಿ ಮುಗಿಸಿ ಅದನ್ನೇ ಹಚ್ಚಿಕೊಂಡು ಕೂಡ್ತಾರ. ನಮ್ಮ ಹಳೇ ಟೇಪಿನಾಗ ನಿಮ್ಮ ದನಿ ಒಂದು ಬಿಟ್ರ ಉಳಿದದ್ದೆಲ್ಲಾ ಬರೇ ಗೊರ ಗೊರ.

ವೈನಿ ಹಟಾ ಮಾಡಿ ರಿಸೀವರ್ ಬಿಟ್ಟು ಬಂದಳು ಅಂತ ನಿಮ್ಮ ತಮ್ಮ ಗುಂಡಪ್ಪ ಚಾಡಿ ಹೇಳ್ತಾನ. ಹೌದ್ರಿ, ಬಿಟ್ಟೇ ಬಂದೇನಿ. ಯಾಕಂತ ಕೇಳ್ರಿ. ನಾ, ಅತ್ತಿಯವರು, ಗುಂಡಪ್ಪ ಹುಮನಾಬಾದಿಗಿ ಹೋದಾಗ ಸಲಾವುದ್ದೀನ್ ಭಾಯಿ ಅಂಗಡ್ಯಾಗ ಎರಡು ರಿಸೀವರ್ ತೋರಿಸಿದ್ರು, ಟೇಪಿನ ದನಿ ದೊಡ್ಡದು ಮಾಡಿ ಸ್ಪೀಕರಿಗಿ ಕೊಡೂ ಪೆಟ್ಟಿಗಿ. ಗುಂಡಪ್ಪಗ ಮನಿ ಗ್ವಾಡಿ ನಡುಗೂವಂಥಾ ಆವಾಜಿಂದು ಬೇಕು. ನಾ ಅಂದೆ, ಅತ್ತಿಯವರಿಗಿ ಮಾತು ಸ್ವಚ್ಛ ಕೇಳಬೇಕು. "ಹಂಗಾದ್ರ ಮನಿ ಕ್ಯಾಸೆಟ್ ಹಚ್ಚಿ ನೋಡ್ರಿ ಅಕ್ಕಾ" ಅಂದ್ರು ಭಾಯಿ. ಚೀಲದಾಗ ನಿಮ್ಮದೇ ಇತ್ತು. ಅತ್ತಿಯವರನ್ನ ಗುಂಡಪ್ಪ ಕಬ್ಬಿನ ಹಾಲು ಕುಡಿಸಾಕ ಹೊರಗ ಕರಕೊಂಡು ಹೋಗಿದ್ದ. ಅಂಗಡಿ ಟೇಪಿನಾಗ ಹಾಕಿ ದೊಡ್ಡ ರಿಸೀವರಿಗಿ ಹಚ್ಚಿದ್ರು. ನೀವು "ನಾ ಆರಾಮ" ಅಂದ್ರಿ. ನಿಮ್ಮ ಬೆನ್ನಿಗೇ ಒಬ್ಬ ಹೆಣ್ಮಗಳ ದನಿ, ನನ್ನ ಬಾಜೂಕ ನಿಂತಂಗ: "ಏಳನೇ ನಂಬರ್ ಬೆಡ್, ಕಾಲು ಅಲುಗಾಡಿಸಬ್ಯಾಡ್ರಿ, ಬಗಲಾಗ ಹಿಡಿದು ನಡಿಯೂ ಕೋಲು ನಾಳೆ ಸಿಗ್ತಾವ." ದವಾಖಾನಿ ನರ್ಸ್ ಇರಬೇಕು, ಅಕಿ ಹಿಂದಿಯಾಗ ಅಂದಿದ್ಳು. ನೀವು ಗಡಬಡಿಸಿ ಕೆಮ್ಮಿದ್ರಿ.

ಎರಡು ಸಲ ತಿರುಗಿಸಿ ಕೇಳಿದೆ. ಸಲಾವುದ್ದೀನ್ ಭಾಯಿ ಆವಾಜ್ ಸಣ್ಣ ಮಾಡಿ ಬ್ಯಾರೆ ಕಡೆ ನೋಡ್ಕೋತ ನಿಂತ್ರು. ಆ ರಿಸೀವರ್ ಮನಿಗಿ ತಂದಿದ್ರ ಮರುದಿನ ಪೂಜಿ ಆದಮ್ಯಾಲ ಅತ್ತಿಯವರೂ ಆ ದನಿ ಕೇಳ್ತಿದ್ರು. ಅದಕ್ಕ "ದನಿ ಛಲೋ ಇಲ್ಲ, ಬ್ಯಾಡ" ಅಂತ ಸುಳ್ಳು ಹೇಳಿ ಎದ್ದೆ. ಬಸ್ಸಿನಾಗ ಅತ್ತಿಯವರು ನನ್ನ ಬಿಟ್ಟು ಗುಂಡಪ್ಪನ ಬಾಜೂಕ ಹೋಗಿ ಕುಂತ್ರು.

ಯಾಕ್ರೀ ಮುಚ್ಚಿಟ್ರಿ? ನಾನೇನು ಹೊರಗಿನಾಕಿ ಏನು? ನಾವು ಏನೂ ಕೇಳಬಾರದಂತ ರಿಸೀವರಿನ ನೆವಾ ಮಾಡಿ ಹುಮನಾಬಾದಿಗಿ ಅಟ್ಟಿದ್ರಿ. ಭಾಳ ಸಿಟ್ಟು ಬಂದದ. ಸಿಟ್ಟಿಗಿಂತ ಅಂಜಿಕಿ ಹೆಚ್ಚದ.

ಪೂನಂ ಮುತ್ತು ಕೊಟ್ಟಾಳ. ಅತ್ತಿಯವರ ಆಶೀರ್ವಾದ ಅದ, ಏನೂ ಗೊತ್ತಿಲ್ಲದೇ ಮಾಡಿದ್ದು.

ಸಿಟ್ಟಿನಾಗೂ ನಿಮ್ಮಾಕಿ,
ಜಯಮಾಲಾ

ತಾ.ಕ.: ಬಸ್ ಸ್ಟ್ಯಾಂಡಿನಾಗ ಮಹೆಬೂಬನ್ನ ಹಿಡಿದೆ. ದವಾಖಾನಿ ಹೆಸರು ಹೇಳಿದ, ಕಾಲಿಂದು ಕೇಳಿದ್ರ ಬಸ್ಸಿನ ಗಾಜು ಒರಸಾಕ ಹೋದ. ಮುಡಬಿಗಿ ತವರಮನಿಗಿ ಹೊಂಟೇನಿ ಅಂತ ಅತ್ತಿಯವರಿಗಿ ಹೇಳಿ ಅವನ ಪುಣೆ ಬಸ್ಸಿನಾಗೇ ಕುಂತೇನಿ. ಈ ಕಾಗದ ನಾನೇ ತರಾಕತ್ತೇನಿ. ನಿಮ್ಮನ್ನ ನೋಡಿದ್ರ ನನ್ನ ಬಾಯಾಗಿಂದ ಮಾತು ಹೊರಡೂದಿಲ್ಲ, ಅದಕ್ಕ ಓದ್ರಿ. ಕಾಲು ಒಂದಿರ್ಲಿ ಎರಡಿರ್ಲಿ, ನನಗ ನೀವು ಬೇಕು. ಓದೂದು ಮುಗೀತಲ್ಲ, ಈಗ ಮ್ಯಾಲ ನೋಡ್ರಿ. ಇಲ್ಲೇ ನಿಂತೇನಿ.